ಬುಲ್‌ಬುಲ್ ಬೆಟ್ಟದ ತಾಯಿಮನೆ

ತೀರ್ಥಯಾತ್ರೆ ಎಂಬುದು ಮಾನವನ ಅತಿ ಪ್ರಾಚೀನ ಸಂಪ್ರದಾಯಗಳಲ್ಲಿ ಒಂದು. ಕಾಶಿ ರಾಮೇಶ್ವರಗಳಿಗೆ ಹಿಂದೂಗಳು, ಬೋಧಗಯೆಗೆ ಬೌದ್ಧರು, ಶ್ರವಣಬೆಳಗೊಳಕ್ಕೆ ಜೈನರು, ಮಕ್ಕಾ ನಗರಕ್ಕೆ ಮುಸಲ್ಮಾನರು, ಜೆರೂಸಲೇಮಿಗೆ ಕ್ರೈಸ್ತರು ಶತಮಾನಗಳಿಂದ ಯಾತ್ರೆ ಹೋಗುತ್ತಲೇ ಇದ್ದಾರೆ. ಸಾಮಾನ್ಯವಾಗಿ ಒಂದು ಪುಣ್ಯಕ್ಷೇತ್ರವೆಂದರೆ ಅದು ಒಂದು ಧರ್ಮದವರಿಗೆ ಸೇರಿದ್ದು ಎಂದು ನಾವು ತಿಳಿಯುತ್ತೇವೆ. ಒಂದೇ ಸ್ಥಳವನ್ನು ಎರಡು ಧರ್ಮದವರು ಪವಿತ್ರವೆಂದು ಭಾವಿಸಿದಾಗ, ಅದು ಯಾರದು ಎಂಬ ಪ್ರಶ್ನೆ ಎದ್ದು, ಕಲಹಕ್ಕೂ ರಕ್ತಪಾತಕ್ಕೂ ಎಡೆಯಾದ ಪ್ರಸಂಗಗಳು ಚರಿತ್ರೆಯಲ್ಲಿ ಕಡಮೆಯಿಲ್ಲ. ಆದರೆ ಹಾಗೆ ಆಗಲೇಬೇಕೆಂಬ ನಿಯಮವೇನೂ ಇಲ್ಲ. ಇಬ್ಬರು ಬಂದು, ಇಬ್ಬರೂ ಕೈಮುಗಿದು, ಇಬ್ಬರೂ ನೆಮ್ಮದಿಯಿಂದ ಹಿಂದಿರುಗುವ ಸ್ಥಳಗಳೂ ಈ ಜಗತ್ತಿನಲ್ಲಿವೆ. ತುರ್ಕಿ ದೇಶದ ಪಶ್ಚಿಮ ಕರಾವಳಿಯ ಸಮೀಪದಲ್ಲಿರುವ ‘ಮೆರ್ಯೆಮ್ ಅನಾ’ ಅಂತಹ ಒಂದು ಸ್ಥಳ.

‘ಮೆರ್ಯೆಮ್’ ಎಂಬುದು ಯೇಸು ಕ್ರಿಸ್ತನ ತಾಯಿಯಾದ ಮೇರಿಯ ಹೆಸರಿನ ತುರ್ಕಿ ರೂಪ. ‘ಅನಾ’ ಎಂದರೆ ತಾಯಿ. ಮೇರಿ ಮಾತೆ ತನ್ನ ಬಾಳಿನ ಕೊನೆಯ ದಿನಗಳನ್ನು ಕಳೆದಳೆಂದು ಹೇಳಲಾಗುವ ಒಂದು ಪುಟ್ಟ ಕಲ್ಲಿನ ಮನೆಗೆ ಈ ಹೆಸರು ಬಂದಿದೆ. ಸೆಲ್ಚುಕ್ ಎಂಬ ಪಟ್ಟಣದಿಂದ ಸುಮಾರು 7 ಕಿಲೋಮೀಟರು ದೂರದಲ್ಲಿ, ಮರಗಳಿಂದ ತುಂಬಿದ ಒಂದು ಬೆಟ್ಟದ ಮೇಲೆ ಈ ಮನೆಯಿದೆ. ಬೆಟ್ಟದ ಹೆಸರು ‘ಬುಲ್‌ಬುಲ್’. ಇಂಪಾಗಿ ಹಾಡುವ ಹಕ್ಕಿಯೊಂದರ ಹೆಸರು ಅದು. ಅದೇ ಶಬ್ದ ಪಾರಸಿ ಮತ್ತು ಉರ್ದು ಭಾಷೆಗಳ ಮೂಲಕ ನಮ್ಮಲ್ಲಿಗೂ ಬಂದಿದೆ. ಪ್ರತಿ ವರ್ಷ ಅಸಂಖ್ಯಾತ ಯಾತ್ರಿಕರು ಈ ಬೆಟ್ಟವನ್ನೇರುತ್ತಾರೆ. ಅವರಲ್ಲಿ ಕ್ರೈಸ್ತರೂ ಇದ್ದಾರೆ, ಮುಸಲ್ಮಾನರೂ ಇದ್ದಾರೆ.

ಈ ಮನೆಯ ಮಹತ್ತ್ವವನ್ನು ಅರಿಯಬೇಕಾದರೆ ಮೊದಲು ಬೆಟ್ಟದ ಕೆಳಗಿನ ಬಯಲನ್ನು ನೋಡಬೇಕು. ಅಲ್ಲಿ ಎಫೆಸಸ್ ಎಂಬ ಪ್ರಾಚೀನ ಮಹಾನಗರದ ಅವಶೇಷಗಳಿವೆ. ಗ್ರೀಕರು ಕಟ್ಟಿದ ಆ ನಗರ ಮುಂದೆ ರೋಮನ್ ಚಕ್ರಾಧಿಪತ್ಯದ ಪ್ರಮುಖ ಪಟ್ಟಣವೂ ಬಂದರೂ ಆಯಿತು. ಪ್ರಾಚೀನ ಜಗತ್ತಿನ ಏಳು ಅದ್ಭುತಗಳಲ್ಲಿ ಒಂದೆನಿಸಿದ್ದ ಆರ್ಟೆಮಿಸ್ ದೇವಿಯ ಮಹಾಮಂದಿರ ಅಲ್ಲಿಯೇ ಇತ್ತು. ಕಾಲಕ್ರಮದಲ್ಲಿ ನದಿಯ ಹೂಳು ತುಂಬಿ ಸಮುದ್ರ ಹಿಂದೆ ಸರಿಯಿತು, ಬಂದರು ಹಾಳಾಯಿತು, ನಗರ ಬರಿದಾಯಿತು. ಇಂದು ಆರ್ಟೆಮಿಸ್ ಮಂದಿರವಿದ್ದ ಜೌಗು ನೆಲದಲ್ಲಿ ತುಂಡುಗಳನ್ನು ಸೇರಿಸಿ ನಿಲ್ಲಿಸಿದ ಒಂಟಿ ಕಂಬವೊಂದು ಕಾಣುತ್ತದೆ. ಅದರಾಚೆ, ಗುಡ್ಡದ ಮೇಲೆ, ಆರನೆಯ ಶತಮಾನದಲ್ಲಿ ಜಸ್ಟಿನಿಯನ್ ಚಕ್ರವರ್ತಿ ಕಟ್ಟಿಸಿದ ಸಂತ ಯೋಹಾನನ ಮಹಾದೇವಾಲಯದ ಅವಶೇಷಗಳಿವೆ. ಅದೇ ಗುಡ್ಡದ ಬುಡದಲ್ಲಿ 1375ರಲ್ಲಿ ಪೂರ್ಣಗೊಂಡ ಸುಂದರವಾದ ಮಸೀದಿಯಿದೆ. ಅದನ್ನು ಕಟ್ಟಿಸಿದ ಮುಸಲ್ಮಾನ ದೊರೆಯ ಹೆಸರು ಈಸಾ ಬೇ. ‘ಈಸಾ’ ಎಂಬುದು ಯೇಸುವಿಗೆ ಮುಸಲ್ಮಾನರು ಹೇಳುವ ಹೆಸರು. ಹೀಗೆ ಮೂರು ಕಾಲಗಳ, ಮೂರು ನಂಬಿಕೆಗಳ ಆಲಯಗಳು ಒಂದೇ ನೋಟಕ್ಕೆ ಸಿಗುವಷ್ಟು ಹತ್ತಿರ ಹತ್ತಿರದಲ್ಲಿವೆ.

ಮೇರಿ ಮಾತೆ ಪ್ಯಾಲೆಸ್ಟೈನಿನವಳು. ಆಕೆ ಅಷ್ಟು ದೂರದ ಎಫೆಸಸ್ಸಿಗೆ ಬಂದಳೆಂದು ಹೇಳುವುದಕ್ಕೆ ಆಧಾರವೇನು? ಯೇಸುವನ್ನು ಶಿಲುಬೆಗೇರಿಸಿದಾಗ ಆತನು ತನ್ನ ತಾಯಿಯನ್ನು ಪ್ರಿಯ ಶಿಷ್ಯನೊಬ್ಬನ ರಕ್ಷಣೆಗೆ ಒಪ್ಪಿಸಿದನೆಂದೂ, ಅಂದಿನಿಂದ ಆ ಶಿಷ್ಯನು ಆಕೆಯನ್ನು ತನ್ನ ಮನೆಯಲ್ಲಿಟ್ಟುಕೊಂಡು ನೋಡಿಕೊಂಡನೆಂದೂ ಬೈಬಲ್ಲಿನ ಯೋಹಾನನ ಸುವಾರ್ತೆ ತಿಳಿಸುತ್ತದೆ. ಆ ಶಿಷ್ಯನು ಯೋಹಾನನೇ ಎಂಬುದು ಸಂಪ್ರದಾಯ. ಯೋಹಾನನು ತನ್ನ ಮುಪ್ಪಿನ ಕಾಲವನ್ನು ಎಫೆಸಸ್ಸಿನಲ್ಲಿ ಕಳೆದು ಅಲ್ಲಿಯೇ ಸಮಾಧಿಯಾದನೆಂಬುದು ಬಹು ಹಿಂದಿನಿಂದ ಬಂದಿರುವ ನಂಬಿಕೆ. ಮಗನಂತಿದ್ದ ಯೋಹಾನನು ಎಫೆಸಸ್ಸಿಗೆ ಬಂದಿದ್ದರೆ ತಾಯಿಯೂ ಆತನೊಡನೆ ಬಂದಿರಬೇಕಲ್ಲವೆ ಎಂದು ಕೆಲವರು ಊಹಿಸಿದರು. ಮುಂದೆ 431ರಲ್ಲಿ ಕ್ರೈಸ್ತ ಧರ್ಮಾಧ್ಯಕ್ಷರ ಮಹಾಸಭೆ ಇದೇ ನಗರದಲ್ಲಿ, ಮೇರಿಯ ಹೆಸರಿನ ದೇವಾಲಯದಲ್ಲಿ ಸೇರಿತು. ಮೇರಿಯನ್ನು ‘ದೇವಮಾತೆ’ ಎಂದು ಕರೆಯುವುದು ಯುಕ್ತವೆಂದು ಆ ಸಭೆ ಸಾರಿತು.

ಆದರೆ ಇದಕ್ಕೆ ಎದುರಾದ ಇನ್ನೊಂದು ಸಂಪ್ರದಾಯವೂ ಉಂಟು ಎಂಬುದನ್ನು ಮರೆಯಬಾರದು. ಮೇರಿಯು ಜೆರೂಸಲೇಮಿನಲ್ಲಿಯೇ ತನ್ನ ಇಹಜೀವನವನ್ನು ಮುಗಿಸಿದಳೆಂದು ಪೂರ್ವದೇಶದ ಅನೇಕ ಕ್ರೈಸ್ತರು ನಂಬುತ್ತಾರೆ. ಅಲ್ಲಿ ಗೆತ್ಸೆಮನೆ ತೋಟದ ಬಳಿ ನೆಲದಡಿಯಲ್ಲಿ ಆಕೆಯ ಸಮಾಧಿ ಎನ್ನಲಾಗುವ ಗುಹಾಲಯವಿದೆ. ಆ ಆಲಯದೊಳಗೆ ಮಕ್ಕಾದ ದಿಕ್ಕನ್ನು ಸೂಚಿಸುವ ಗೂಡೊಂದನ್ನು ಗೋಡೆಯಲ್ಲಿ ಮಾಡಿದ್ದಾರೆ. ಮುಸಲ್ಮಾನರೂ ಅಲ್ಲಿ ಬಂದು ಪ್ರಾರ್ಥಿಸುತ್ತಿದ್ದರೆಂಬುದಕ್ಕೆ ಅದೇ ಸಾಕ್ಷಿ. ಮೇರಿ ಎಲ್ಲಿ ಕಣ್ಮುಚ್ಚಿದಳೆಂಬ ವಿಷಯದಲ್ಲಿ ಎರಡು ಊರುಗಳಿಗೆ ಎರಡು ಅಭಿಪ್ರಾಯಗಳಿದ್ದರೂ, ಎರಡೂ ಕಡೆಗಳಲ್ಲಿ ಎರಡು ಧರ್ಮದವರು ಆಕೆಯನ್ನು ಅರಸಿಕೊಂಡು ಬಂದುದು ಗಮನಿಸಬೇಕಾದ ಸಂಗತಿ.

ಬುಲ್‌ಬುಲ್ ಬೆಟ್ಟದ ಮನೆ ಹೊರಜಗತ್ತಿಗೆ ಗೊತ್ತಾದ ಬಗೆ ಕಥೆಯಂತಿದೆ. ಜರ್ಮನಿಯಲ್ಲಿ ಆನ್ ಕ್ಯಾಥರೀನ್ ಎಮ್ಮೆರಿಕ್ ಎಂಬ ಕ್ರೈಸ್ತ ಸಂನ್ಯಾಸಿನಿಯಿದ್ದಳು. ಆಕೆಯ ಕಾಲ 1774ರಿಂದ 1824. ಬಹುಕಾಲ ರೋಗದಿಂದ ಹಾಸಿಗೆ ಹಿಡಿದಿದ್ದ ಆಕೆ ತನಗೆ ಯೇಸು ಮತ್ತು ಮೇರಿಯರ ಜೀವನದ ದೃಶ್ಯಗಳು ಕಾಣುತ್ತವೆಂದು ಹೇಳುತ್ತಿದ್ದಳು. ಕ್ಲೆಮೆನ್ಸ್ ಬ್ರೆಂಟಾನೊ ಎಂಬ ಕವಿ ಆಕೆಯ ಹಾಸಿಗೆಯ ಪಕ್ಕದಲ್ಲಿ ಕುಳಿತು ಅವನ್ನೆಲ್ಲ ಬರೆದುಕೊಂಡನು. ಇಬ್ಬರೂ ತೀರಿಕೊಂಡ ಮೇಲೆ, 1852ರಲ್ಲಿ, ಮೇರಿಯ ಜೀವನವನ್ನು ಕುರಿತ ಭಾಗ ಪುಸ್ತಕರೂಪದಲ್ಲಿ ಪ್ರಕಟವಾಯಿತು. ಎಫೆಸಸ್ಸಿನ ಸಮೀಪದ ಬೆಟ್ಟವೊಂದರ ಮೇಲೆ ಕಲ್ಲಿನ ಮನೆಯಿತ್ತೆಂದೂ, ಅದರ ಮೇಲಣ ಶಿಖರದಿಂದ ನಗರವೂ ಸಮುದ್ರವೂ ಕಾಣುತ್ತಿದ್ದುವೆಂದೂ ಅದರಲ್ಲಿ ಹೇಳಿತ್ತು. ಎಮ್ಮೆರಿಕ್ ತನ್ನ ಸೀಮೆಯನ್ನು ಬಿಟ್ಟು ಎಲ್ಲಿಗೂ ಹೋದವಳಲ್ಲ. ಆಕೆ ಹೇಳಿದುದು ಎಷ್ಟು, ಕವಿ ಸೇರಿಸಿದುದು ಎಷ್ಟು ಎಂಬುದು ವಿದ್ವಾಂಸರಿಗೆ ಇಂದಿಗೂ ಬಿಡಿಸಲಾಗದ ತೊಡಕು.

1881ರಲ್ಲಿ ಜೂಲಿಯನ್ ಗೂಯೇ ಎಂಬ ಫ್ರೆಂಚ್ ಪಾದ್ರಿ ಆ ಪುಸ್ತಕವನ್ನು ಹಿಡಿದುಕೊಂಡು ಬಂದು ಬೆಟ್ಟದ ಮೇಲಿನ ಪಾಳುಮನೆಯನ್ನು ಕಂಡನು. ಆದರೆ ಅವನ ಮಾತನ್ನು ಯಾರೂ ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಹತ್ತು ವರ್ಷಗಳ ಅನಂತರ, 1891ರಲ್ಲಿ, ಸ್ಮಿರ್ನಾ ನಗರದಲ್ಲಿದ್ದ ಕೆಲವು ಪಾದ್ರಿಗಳು ಮತ್ತೆ ಈ ಕಾರ್ಯಕ್ಕೆ ಕೈಹಾಕಿದರು. ಸ್ಮಿರ್ನಾ ಎಂದರೆ ಇಂದಿನ ಇಜ್ಮೀರ್. ಪುಲೇನ್ ಎಂಬವರು ಅಲ್ಲಿಯ ವಿದ್ಯಾಲಯದ ಮುಖ್ಯಸ್ಥರು. ಯುಂಗ್ ಎಂಬವರು ಹುಡುಕಲು ಹೊರಟ ತಂಡದ ನಾಯಕರು. ಸಂನ್ಯಾಸಿನಿಯ ದರ್ಶನಗಳಲ್ಲಿ ಈ ಇಬ್ಬರಿಗೂ ನಂಬಿಕೆಯಿರಲಿಲ್ಲ. ಪುಸ್ತಕದ ಮಾತು ಹುಸಿಯೆಂದು ಸ್ಥಳದಲ್ಲಿಯೇ ತೋರಿಸಿಕೊಟ್ಟು ಚರ್ಚೆಯನ್ನು ಮುಗಿಸಿಬಿಡೋಣ ಎಂಬುದೇ ಅವರ ಉದ್ದೇಶವಾಗಿತ್ತು.

ಜುಲೈ ತಿಂಗಳ ಉರಿಬಿಸಿಲು. ಬೆಟ್ಟದಲ್ಲಿ ಅಲೆದು ಬಳಲಿದ ತಂಡದವರು ಹೊಲದಲ್ಲಿ ಕೆಲಸ ಮಾಡುತ್ತಿದ್ದ ಹೆಂಗಸರನ್ನು ನೀರು ಕೇಳಿದರು. ತಮ್ಮಲ್ಲಿದ್ದ ನೀರು ಮುಗಿದಿದೆಯೆಂದೂ, ಸ್ವಲ್ಪ ದೂರ ಹೋದರೆ ‘ಮಠ’ದ ಬಳಿ ಒರತೆಯಿದೆಯೆಂದೂ ಅವರು ತೋರಿಸಿದರು. ಧಾವಿಸಿ ಹೋಗಿ ನೀರು ಕುಡಿದು ತಲೆಯೆತ್ತಿ ನೋಡಿದಾಗ ಎದುರಿಗೆ ಪಾಳುಬಿದ್ದ ಒಂದು ಕಲ್ಲುಕಟ್ಟಡ ಕಾಣಿಸಿತು. ಹಿಂದೆ ಬೆಟ್ಟ, ಮುಂದೆ ಕಣಿವೆ, ಪಕ್ಕದಲ್ಲಿ ಒರತೆ. ಬೆಟ್ಟದ ತುದಿಗೆ ಹತ್ತಿ ನೋಡಿದರೆ ಒಂದು ಕಡೆ ಎಫೆಸಸ್ಸಿನ ಬಯಲು, ಇನ್ನೊಂದು ಕಡೆ ಸಾಮೋಸ್ ದ್ವೀಪವಿರುವ ಕಡಲು. ಅಲ್ಲಗಳೆಯಲು ಬಂದವರು ಮೂಕರಾದರು.

ಆದರೆ ಆ ಮನೆ ‘ಕಳೆದುಹೋಗಿದ್ದು ಸಿಕ್ಕಿತು’ ಎಂದು ಹೇಳುವುದು ಪೂರ್ತಿ ಸರಿಯಲ್ಲ. ಯೂರೋಪಿನವರಿಗೆ ಅದು ಹೊಸದು. ಸುತ್ತಲಿನ ಬಡ ರೈತರಿಗೆ ಹೊಸದಲ್ಲ. ಬೆಟ್ಟಗಳ ನಡುವೆ ಕಿರ್ಕಿಂಜೆ ಎಂಬ ಹಳ್ಳಿಯಿತ್ತು. ಅಲ್ಲಿಯ ಜನ ಗ್ರೀಕ್ ಆರ್ಥೊಡಾಕ್ಸ್ ಪಂಥದ ಕ್ರೈಸ್ತರು. ಅವರ ಆಡುಮಾತು ಮಾತ್ರ ತುರ್ಕಿ. ಪ್ರತಿ ವರ್ಷವೂ ಮೇರಿಯ ಸ್ವರ್ಗಾರೋಹಣದ ಹಬ್ಬದಂದು ಅವರು ಕಾಡುದಾರಿಯಲ್ಲಿ ನಡೆದು ಬಂದು ಈ ಪಾಳುಮನೆಯಲ್ಲಿ ಪೂಜೆ ಸಲ್ಲಿಸುತ್ತಿದ್ದರು. ತಾತ ಮುತ್ತಾತಂದಿರ ಕಾಲದಿಂದ ನಡೆದು ಬಂದ ಪದ್ಧತಿ ಅದೆಂದು ಅವರು ಪಾದ್ರಿಗಳಿಗೆ ಹೇಳಿದರು. ಅವರು ಈ ಸ್ಥಳಕ್ಕೆ ಇಟ್ಟಿದ್ದ ಹೆಸರು ‘ಪನಾಯಾ ಕಪುಲು’. ‘ಪನಾಯಾ’ ಎಂಬುದು ಮೇರಿಯನ್ನು ಕುರಿತ ಗ್ರೀಕ್ ಶಬ್ದ. ಪರಮಪವಿತ್ರೆ ಎಂದು ಅದರ ಅರ್ಥ. ‘ಕಪು’ ಎಂಬುದು ಬಾಗಿಲು ಎಂಬರ್ಥದ ತುರ್ಕಿ ಶಬ್ದ. ಎರಡು ಭಾಷೆಗಳು ಕೂಡಿದ ಆ ಹೆಸರೇ, ಎರಡು ಜನಾಂಗಗಳು ಒಂದೇ ನೆಲದಲ್ಲಿ ಬಾಳಿದ್ದವೆಂಬುದನ್ನು ಹೇಳುತ್ತದೆ.

ಸ್ಮಿರ್ನಾದ ಆಸ್ಪತ್ರೆಯಲ್ಲಿ ಸೇವೆ ಸಲ್ಲಿಸುತ್ತಿದ್ದ ಮಾರಿ ದ ಮಾಂದಾ-ಗ್ರಾನ್ಸೆ ಎಂಬ ಫ್ರೆಂಚ್ ಸಂನ್ಯಾಸಿನಿ ಈ ಕಾರ್ಯಕ್ಕೆ ಬೆನ್ನೆಲುಬಾಗಿದ್ದಳು. ಆಕೆ ಶ್ರೀಮಂತ ಮನೆತನದಿಂದ ಬಂದವಳು. ತನ್ನ ಪಿತ್ರಾರ್ಜಿತದ ಹಣದಿಂದ 1892ರಲ್ಲಿ ಆ ಬೆಟ್ಟದ ಜಾಗವನ್ನು ಕೊಳ್ಳುವಂತೆ ಮಾಡಿ, ದಾರಿಯನ್ನೂ ಯಾತ್ರಿಕರಿಗೆ ನೆಲೆಯನ್ನೂ ಮಾಡಿಸಿದಳು. 1915ರಲ್ಲಿ ಆಕೆ ತೀರಿಕೊಂಡಳು. ಆಗ ಒಂದನೆಯ ಮಹಾಯುದ್ಧ ನಡೆಯುತ್ತಿತ್ತು. ಅದು ಮುಗಿಯುತ್ತಿದ್ದಂತೆ ಗ್ರೀಸಿಗೂ ತುರ್ಕಿಗೂ ಯುದ್ಧ ಹತ್ತಿತು.

ಈ ಯುದ್ಧದ ಪರಿಣಾಮ ಘೋರವಾಗಿತ್ತು. 1923ರಲ್ಲಿ ಎರಡು ದೇಶಗಳೂ ಒಂದು ಒಪ್ಪಂದಕ್ಕೆ ಬಂದು ತಮ್ಮ ತಮ್ಮ ಅಲ್ಪಸಂಖ್ಯಾತ ಪ್ರಜೆಗಳನ್ನು ಅದಲುಬದಲು ಮಾಡಿಕೊಂಡವು. ಸುಮಾರು 12 ಲಕ್ಷ ಆರ್ಥೊಡಾಕ್ಸ್ ಕ್ರೈಸ್ತರು ತುರ್ಕಿಯನ್ನು ತೊರೆದು ಗ್ರೀಸಿನ ಪಾಲಾದರು. ಗ್ರೀಸಿನಲ್ಲಿದ್ದ ಲಕ್ಷಾಂತರ ಮುಸಲ್ಮಾನರು ತುರ್ಕಿಗೆ ಬರಬೇಕಾಯಿತು. ಯಾರು ಯಾವ ದೇಶಕ್ಕೆ ಹೋಗಬೇಕೆಂಬುದನ್ನು ತೀರ್ಮಾನಿಸಿದ ಅಳತೆಗೋಲು ಆಡುವ ಭಾಷೆಯಲ್ಲ, ಹುಟ್ಟಿದ ಊರಲ್ಲ, ಮನಸ್ಸಿನ ಇಷ್ಟವೂ ಅಲ್ಲ, ಧರ್ಮವೊಂದೇ. ತುರ್ಕಿ ಮಾತನಾಡುತ್ತಿದ್ದ ಕಿರ್ಕಿಂಜೆಯ ಕ್ರೈಸ್ತರು ಗ್ರೀಸಿನಲ್ಲಿ ಪರಕೀಯರಂತೆ ಬದುಕನ್ನು ಹೊಸದಾಗಿ ಆರಂಭಿಸಿದರು. ಅವರು ಬಿಟ್ಟುಹೋದ ಮನೆಗಳಿಗೆ ಗ್ರೀಸಿನಿಂದ ಬಂದ ಮುಸಲ್ಮಾನರು ಸೇರಿಕೊಂಡರು. ಅವರೂ ತಮ್ಮ ಮನೆಮಠಗಳನ್ನು ಬಿಟ್ಟು ಕಣ್ಣೀರಿಡುತ್ತ ಬಂದವರೇ. ಆ ಹಳ್ಳಿಗೆ ಇಂದು ಶಿರಿಂಜೆ ಎಂದು ಹೆಸರು. ಬೆಟ್ಟದ ಮೇಲಿನ ಪುಟ್ಟ ಮನೆಗೆ ತಲೆತಲಾಂತರದಿಂದ ಬರುತ್ತಿದ್ದ ಭಕ್ತರೇ ಇಲ್ಲವಾದರು.

ಇಂತಹ ಸಂದರ್ಭದಲ್ಲಿ ಆ ಸ್ಥಳ ಶಾಶ್ವತವಾಗಿ ಹಾಳಾಗಬಹುದಾಗಿತ್ತು. ಇಲ್ಲವೇ ದ್ವೇಷದ ಗುರುತಾಗಿ ಉಳಿಯಬಹುದಾಗಿತ್ತು. ಎರಡೂ ಆಗಲಿಲ್ಲ. ಎರಡನೆಯ ಮಹಾಯುದ್ಧದ ಅನಂತರ, 1950ರ ಸುಮಾರಿನಲ್ಲಿ, ಬೆಟ್ಟಕ್ಕೆ ಮೋಟಾರು ಹೋಗುವ ರಸ್ತೆಯಾಯಿತು. ಬಿದ್ದುಹೋಗಿದ್ದ ಗೋಡೆಗಳನ್ನು ಎತ್ತಿ, ಮೇಲೆ ಚಾವಣಿ ಕಟ್ಟಿ ಮನೆಯನ್ನು ಜೀರ್ಣೋದ್ಧಾರ ಮಾಡಲಾಯಿತು. ಎಲ್ಲಿಯವರೆಗೆ ಹಳೆಯ ಗೋಡೆ, ಎಲ್ಲಿಂದ ಮೇಲೆ ಹೊಸತು ಎಂಬುದನ್ನು ತೋರಿಸುವ ಗೆರೆಯನ್ನು ಇಂದಿಗೂ ಹೊರಗೋಡೆಯ ಮೇಲೆ ಕಾಣಬಹುದು. 1967ರಲ್ಲಿ ಆರನೆಯ ಪೌಲ್, 1979ರಲ್ಲಿ ಎರಡನೆಯ ಜಾನ್ ಪೌಲ್, 2006ರಲ್ಲಿ ಹದಿನಾರನೆಯ ಬೆನೆಡಿಕ್ಟ್, ಹೀಗೆ ಮೂವರು ಪೋಪರು ಇಲ್ಲಿಗೆ ಬಂದು ಪ್ರಾರ್ಥನೆ ಸಲ್ಲಿಸಿದರು. ಕ್ರೈಸ್ತ ಯಾತ್ರಿಕರು ಮತ್ತೆ ಬರತೊಡಗಿದುದು ಸಹಜ. ಆದರೆ ಮುಸಲ್ಮಾನರು ಇಲ್ಲಿಗೆ ಏಕೆ ಬರುತ್ತಾರೆ? ಇದನ್ನು ತಿಳಿಯಬೇಕಾದರೆ ಇಸ್ಲಾಂ ಧರ್ಮದಲ್ಲಿ ಮೇರಿಗೆ ಇರುವ ಸ್ಥಾನವನ್ನು ಅರಿಯಬೇಕು.

ಕುರಾನಿನಲ್ಲಿ ಹೆಸರು ಹಿಡಿದು ಕರೆದಿರುವ ಸ್ತ್ರೀ ಒಬ್ಬಳೇ. ಆಕೆಯೇ ಮರ್ಯಮ್, ಅಂದರೆ ಮೇರಿ. ಆಕೆಯ ಹೆಸರು ಅಲ್ಲಿ ಮೂವತ್ತಕ್ಕೂ ಹೆಚ್ಚು ಬಾರಿ ಬಂದಿದೆ. ಕುರಾನಿನ ಹತ್ತೊಂಬತ್ತನೆಯ ಅಧ್ಯಾಯಕ್ಕೆ ಆಕೆಯ ಹೆಸರನ್ನೇ ಇಟ್ಟಿದೆ. ದೇವದೂತನು ಬಂದು ಮಗುವಿನ ವಾರ್ತೆಯನ್ನು ತಿಳಿಸಿದುದು, ಕನ್ಯೆಯಾಗಿಯೇ ಆಕೆ ತಾಯಿಯಾದುದು, ಪ್ರಸವವೇದನೆಯಲ್ಲಿ ಒಬ್ಬಂಟಿಯಾಗಿ ಖರ್ಜೂರದ ಮರದಡಿ ಕುಳಿತಾಗ ಹಣ್ಣೂ ನೀರೂ ಒದಗಿದುದು, ಜನರು ಆಕೆಯನ್ನು ನಿಂದಿಸಿದಾಗ ತೊಟ್ಟಿಲ ಕೂಸೇ ಮಾತನಾಡಿ ತಾಯಿಯ ಮಾನವನ್ನು ಕಾಪಾಡಿದುದು, ಇವೆಲ್ಲವೂ ಅಲ್ಲಿ ವರ್ಣಿತವಾಗಿವೆ. ಬಾಲಕಿಯಾಗಿದ್ದ ಮೇರಿ ಪ್ರಾರ್ಥನಾಗೃಹದಲ್ಲಿದ್ದಾಗ, ಆಕೆಯ ಪೋಷಕನಾದ ಜಕರಿಯಾ ಒಳಗೆ ಬಂದಾಗಲೆಲ್ಲ ದೇವರು ಕಳುಹಿಸಿದ ಆಹಾರವನ್ನು ಆಕೆಯ ಬಳಿ ಕಾಣುತ್ತಿದ್ದನೆಂಬ ಪ್ರಸಂಗ ಮೂರನೆಯ ಅಧ್ಯಾಯದಲ್ಲಿದೆ. ಆ ಪ್ರಾರ್ಥನಾಸ್ಥಾನವನ್ನು ಕುರಾನು ‘ಮಿಹ್ರಾಬ್’ ಎಂದು ಕರೆಯುತ್ತದೆ. ಮಸೀದಿಯಲ್ಲಿ ಮಕ್ಕಾದ ದಿಕ್ಕನ್ನು ತೋರಿಸುವ ಗೂಡಿಗೂ ಅದೇ ಹೆಸರು. ತುರ್ಕಿಯ ಅನೇಕ ಮಸೀದಿಗಳಲ್ಲಿ ಆ ಗೂಡಿನ ಮೇಲೆ ಜಕರಿಯಾ ಮತ್ತು ಮೇರಿಯರ ಈ ವಚನವನ್ನೇ ಕೆತ್ತಿರುತ್ತಾರೆ. ಆದ್ದರಿಂದ ಮೇರಿಯೆಂಬವಳು ಮುಸಲ್ಮಾನರಿಗೆ ಅನ್ಯಧರ್ಮದವರಿಂದ ಎರವಲು ಪಡೆದ ಹೆಸರಲ್ಲ. ತಮ್ಮ ಧರ್ಮಗ್ರಂಥದಲ್ಲಿಯೇ ದೊರೆತ ಪೂಜ್ಯ ತಾಯಿ.

ಹೀಗೆಂದ ಮಾತ್ರಕ್ಕೆ ಮೇರಿಯ ವಿಷಯದಲ್ಲಿ ಎರಡು ಧರ್ಮಗಳ ಅಭಿಪ್ರಾಯ ಒಂದೇ ಎಂದು ತಿಳಿಯಬಾರದು. ಕ್ರೈಸ್ತರಿಗೆ ಯೇಸು ದೇವಪುತ್ರ. ಆದುದರಿಂದ ಮೇರಿ ದೇವಮಾತೆ. ಮುಸಲ್ಮಾನರಿಗೆ ಯೇಸು ಮಹಾಪ್ರವಾದಿ. ಕನ್ಯೆಯಲ್ಲಿ ಹುಟ್ಟಿದವನೆಂಬುದನ್ನು ಅವರೂ ಒಪ್ಪುತ್ತಾರೆ, ಆದರೆ ದೇವರಿಗೆ ಮಗನಿರುವನೆಂಬುದನ್ನು ಒಪ್ಪುವುದಿಲ್ಲ. ಈ ಭೇದ ಚಿಕ್ಕದಲ್ಲ. ಎರಡು ಧರ್ಮಗಳ ತಿರುಳಿಗೇ ಸೇರಿದ ಭೇದ ಅದು. 431ರಲ್ಲಿ ಇದೇ ಬಯಲಿನಲ್ಲಿ ಸೇರಿದ ಸಭೆ ಯಾವ ಬಿರುದನ್ನು ಮೇರಿಗೆ ಸಲ್ಲಿಸಿತೋ ಆ ಬಿರುದನ್ನು ಮುಸಲ್ಮಾನನು ಉಚ್ಚರಿಸಲಾರ. ಅದನ್ನು ಬಿಟ್ಟುಕೊಡುವುದು ಕ್ರೈಸ್ತನಿಗೆ ಸಾಧ್ಯವಿಲ್ಲ. ಆದರೂ ಇಬ್ಬರೂ ಒಂದೇ ಬಾಗಿಲಿನಿಂದ ಒಳಗೆ ಹೋಗುತ್ತಾರೆ. ಇದು ಹೇಗೆ ನಡೆಯುತ್ತದೆ ಎಂಬುದನ್ನು ನೋಡೋಣ.

ಮನೆ ತೀರ ಚಿಕ್ಕದು. ಬಾಗಿಲನ್ನು ದಾಟಿದರೆ ಕಮಾನಿನಾಚೆ ಪೂಜಾಪೀಠ. ಅದರ ಹಿಂದಿನ ಗೂಡಿನಲ್ಲಿ ಮೇರಿಯ ಪ್ರತಿಮೆ. ಬಲಗಡೆಗೆ ಇನ್ನೂ ಚಿಕ್ಕದಾದ ಕೋಣೆಯಿದೆ. ಮೇರಿ ಮಲಗುತ್ತಿದ್ದ ಕೋಣೆ ಅದೆಂದು ಹೇಳುತ್ತಾರೆ. ಮೇರಿಯನ್ನು ಕುರಿತ ಕುರಾನಿನ ವಚನಗಳನ್ನು ಅಲ್ಲಿ ಇರಿಸಿದ್ದುಂಟು. ಮುಸಲ್ಮಾನ ಯಾತ್ರಿಕರು ಅಲ್ಲಿ ನಿಂತು ಪ್ರಾರ್ಥಿಸುವುದು ವಾಡಿಕೆ. ಒಳಗೆ ಮಾತಿಲ್ಲ. ಒಬ್ಬಾಕೆ ಶಿಲುಬೆಯ ಗುರುತು ಮಾಡಿಕೊಳ್ಳುತ್ತಾಳೆ. ಪಕ್ಕದಲ್ಲಿ ತಲೆಗೆ ವಸ್ತ್ರ ಹೊದೆದ ಇನ್ನೊಬ್ಬಾಕೆ ಎರಡು ಅಂಗೈಗಳನ್ನೂ ಮೇಲಕ್ಕೆ ತೆರೆದು ಹಿಡಿದು ಬೇಡಿಕೊಳ್ಳುತ್ತಾಳೆ. ಇಬ್ಬರಿಗೂ ಹೆಚ್ಚು ಹೊತ್ತು ನಿಲ್ಲಲು ಸ್ಥಳವಿಲ್ಲ. ಹಿಂದಿನಿಂದ ಬಂದವರಿಗೆ ಎಡೆಮಾಡಿಕೊಟ್ಟು ಅವರು ಹೊರಗೆ ನಡೆಯುತ್ತಾರೆ. ಹೊರಗೆ ಮೇಣದ ಬತ್ತಿ ಹಚ್ಚುವ ತಾಣವಿದೆ. ಕೆಳಗಿಳಿದರೆ ಒರತೆಯ ನೀರು ನಲ್ಲಿಗಳಲ್ಲಿ ಹರಿಯುತ್ತದೆ. 1891ರ ತಂಡದವರ ದಾಹವನ್ನು ತಣಿಸಿದ ಆ ನೀರನ್ನು ಇಂದು ಎರಡು ಧರ್ಮದವರೂ ಕುಡಿಯುತ್ತಾರೆ, ಸೀಸೆಗಳಲ್ಲಿ ತುಂಬಿಕೊಂಡು ರೋಗಿಗಳಿಗಾಗಿ ಮನೆಗೆ ಒಯ್ಯುತ್ತಾರೆ.

ಒರತೆಯ ಬಳಿಯ ಗೋಡೆಯೊಂದು ನೋಡುವವರ ಗಮನವನ್ನು ಸೆಳೆಯುತ್ತದೆ. ಬಟ್ಟೆಯ ಚೂರುಗಳು, ದಾರಗಳು, ಕಾಗದದ ಚೀಟಿಗಳು ಅದರ ಮೇಲೆ ಒತ್ತೊತ್ತಾಗಿ ಕಟ್ಟಲ್ಪಟ್ಟಿವೆ. ಒಂದೊಂದು ಗಂಟೂ ಒಂದೊಂದು ಹರಕೆ. ಸಂತರ ಗೋರಿಗಳ ಬಳಿಯ ಗಿಡಮರಗಳಿಗೆ ಬಟ್ಟೆ ಕಟ್ಟಿ ಬೇಡಿಕೊಳ್ಳುವುದು ತುರ್ಕಿಯ ಜನಪದರ ಹಳೆಯ ಪದ್ಧತಿ. ನಮ್ಮ ನಾಡಿನಲ್ಲಿ ಹರಕೆ ಹೊತ್ತವರು ದೇವಾಲಯದ ಮರಕ್ಕೆ ಪುಟ್ಟ ತೊಟ್ಟಿಲನ್ನು ಕಟ್ಟುವುದನ್ನೂ, ದರ್ಗಾಗಳಲ್ಲಿ ದಾರ ಕಟ್ಟುವುದನ್ನೂ ಕಂಡವರಿಗೆ ಆ ಗೋಡೆ ಅಪರಿಚಿತವೆನ್ನಿಸಲಾರದು. ಮಗುವಿಗಾಗಿ, ಕಾಯಿಲೆ ವಾಸಿಯಾಗುವುದಕ್ಕಾಗಿ, ದೂರದಲ್ಲಿರುವ ಮಗನ ಕ್ಷೇಮಕ್ಕಾಗಿ ಕಟ್ಟಿದ ಆ ಗಂಟುಗಳನ್ನು ನೋಡಿ, ಇದು ಕ್ರೈಸ್ತರದು, ಇದು ಮುಸಲ್ಮಾನರದು ಎಂದು ಬೇರ್ಪಡಿಸಿ ಹೇಳುವುದು ಯಾರಿಗೂ ಸಾಧ್ಯವಿಲ್ಲ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಈ ಸ್ಥಳದಲ್ಲಿ ಎರಡು ಧರ್ಮಗಳನ್ನು ಬೆರೆಸಿ ಮೂರನೆಯದೊಂದನ್ನು ಮಾಡಿಲ್ಲ. ಕ್ರೈಸ್ತ ಗುರುಗಳು ತಮ್ಮ ಬಲಿಪೂಜೆಯನ್ನು ತಮ್ಮ ವಿಧಿಯಂತೆಯೇ ನಡೆಸುತ್ತಾರೆ. ಆಗಸ್ಟ್ 15ರ ಹಬ್ಬವನ್ನು ಬಯಲಿನಲ್ಲಿ ವಿಜೃಂಭಣೆಯಿಂದ ಆಚರಿಸುತ್ತಾರೆ. ಮುಸಲ್ಮಾನನು ಆ ವಿಧಿಗಳಲ್ಲಿ ಪಾಲುಗೊಳ್ಳಬೇಕೆಂದು ಯಾರೂ ಅಪೇಕ್ಷಿಸುವುದಿಲ್ಲ. ಅವನು ಮೇರಿಯನ್ನು ಗೌರವಿಸುತ್ತಾನೆ; ಬೇಡುವುದು ಅಲ್ಲಾಹನನ್ನು. ನೀನು ಏಕೆ ಬಂದೆ ಎಂದು ಬಾಗಿಲಲ್ಲಿ ಕೇಳುವವರಿಲ್ಲ. ಮನೆಯನ್ನು ನೋಡಿಕೊಳ್ಳುವ ಗುರುಗಳು ಕ್ರೈಸ್ತರು. ಸುತ್ತಲಿನ ನಾಡು ಮುಸಲ್ಮಾನರದು. ಪರಸ್ಪರರ ಒಪ್ಪಿಗೆಯಿಲ್ಲದೆ ಈ ಏರ್ಪಾಡು ಒಂದು ದಿನವೂ ನಡೆಯಲಾರದು.

ಎಫೆಸಸ್ಸಿನಲ್ಲಿಯೇ ಎರಡು ಧರ್ಮಗಳಿಗೆ ಸಂಬಂಧಿಸಿದ ಇನ್ನೊಂದು ಸ್ಥಳವೂ ಇದೆ. ಅದು ಏಳು ಮಂದಿ ನಿದ್ರಿತರ ಗುಹೆ. ಮೂರನೆಯ ಶತಮಾನದ ನಡುವೆ, ಡೀಸಿಯಸ್ ಚಕ್ರವರ್ತಿಯ ಕಾಲದಲ್ಲಿ, ಕ್ರೈಸ್ತರು ಹಿಂಸೆಗೆ ಗುರಿಯಾದರು. ಆಗ ಏಳು ಮಂದಿ ತರುಣರು ಗುಹೆಯೊಂದರಲ್ಲಿ ಅಡಗಿ ಮಲಗಿದರೆಂದೂ, ಎರಡು ಶತಮಾನಗಳ ಅನಂತರ ಎಚ್ಚೆತ್ತು ನೋಡಿದಾಗ ಜಗತ್ತೇ ಬದಲಾಗಿತ್ತೆಂದೂ ಕ್ರೈಸ್ತರ ಐತಿಹ್ಯ ಹೇಳುತ್ತದೆ. ಕುರಾನಿನ ಹದಿನೆಂಟನೆಯ ಅಧ್ಯಾಯದ ಹೆಸರೇ ‘ಗುಹೆ’. ದೇವರನ್ನು ನಂಬಿ ಗುಹೆ ಸೇರಿದ ತರುಣರೂ, ಹೊಸ್ತಿಲಲ್ಲಿ ಕಾಲು ಚಾಚಿ ಕಾವಲು ಮಲಗಿದ ಅವರ ನಾಯಿಯೂ ಅಲ್ಲಿ ಬರುತ್ತಾರೆ. ಅವರು ಎಷ್ಟು ಮಂದಿ ಎಂದು ವಾದಿಸುವುದು ಬೇಡವೆಂದೂ ಅದು ಸೂಚಿಸುತ್ತದೆ. ಕುರಾನು ಊರಿನ ಹೆಸರನ್ನು ಹೇಳದಿರುವುದರಿಂದ ಬೇರೆ ಕೆಲವು ಊರಿನವರೂ ಆ ಗುಹೆ ತಮ್ಮದೆಂದು ತೋರಿಸುತ್ತಾರೆ.

ಈ ಕಥೆ ಎಫೆಸಸ್ಸಿನಿಂದ ಬಹುದೂರ ಸಂಚರಿಸಿ, ಮತ್ತೊಂದು ಯಾತ್ರೆಗೆ ಬೀಜವಾಯಿತು. ಫ್ರಾನ್ಸಿನ ಬ್ರಿಟನಿ ಪ್ರಾಂತದ ವ್ಯೂ-ಮಾರ್ಶೆ ಎಂಬ ಊರಿನ ಬಳಿ ಈ ಏಳು ಸಂತರ ಹೆಸರಿನ ಒಂದು ಗುಡಿಯಿದೆ. ಹದಿನೆಂಟನೆಯ ಶತಮಾನದ ಆರಂಭದಲ್ಲಿ, ಪ್ರಾಗೈತಿಹಾಸಿಕ ಕಾಲದ ಬೃಹತ್ ಶಿಲಾಸಮಾಧಿಯೊಂದರ ಮೇಲೆ ಅದನ್ನು ಕಟ್ಟಿದರು. ಲೂಯಿ ಮಾಸಿನ್ಯೋಂ ಎಂಬ ಫ್ರೆಂಚ್ ವಿದ್ವಾಂಸನು ಇಸ್ಲಾಂ ಧರ್ಮದ ಅಧ್ಯಯನದಲ್ಲಿ ಲೋಕವಿಖ್ಯಾತನು. ಅವನು ಶ್ರದ್ಧಾವಂತ ಕ್ರೈಸ್ತನೂ ಆಗಿದ್ದನು. ಅವನು 1954ರಲ್ಲಿ ಆ ಗುಡಿಯ ವಾರ್ಷಿಕ ಹಬ್ಬಕ್ಕೆ ಮುಸಲ್ಮಾನರನ್ನೂ ಕರೆತಂದನು. ಅದೇ ವರ್ಷದ ಕೊನೆಯಲ್ಲಿ ಫ್ರಾನ್ಸಿನ ಆಳ್ವಿಕೆಯಲ್ಲಿದ್ದ ಅಲ್ಜೀರಿಯದಲ್ಲಿ ಸ್ವಾತಂತ್ರ್ಯಯುದ್ಧ ಆರಂಭವಾಯಿತು. ಎರಡು ಕಡೆಯವರೂ ಪರಸ್ಪರ ಕೊಲ್ಲುತ್ತಿದ್ದ ಆ ವರ್ಷಗಳಲ್ಲಿಯೂ ಯಾತ್ರೆ ನಿಲ್ಲಲಿಲ್ಲ. ಇಂದಿಗೂ ಪ್ರತಿ ಜುಲೈ ತಿಂಗಳಲ್ಲಿ ಅದು ನಡೆಯುತ್ತದೆ. ಗುಡಿಯಲ್ಲಿ ಕ್ರೈಸ್ತರ ಪೂಜೆಯಾದ ಬಳಿಕ, ಸಮೀಪದ ಒರತೆಯ ಹತ್ತಿರ ಕುರಾನಿನ ಗುಹೆಯ ಅಧ್ಯಾಯದ ಪಠಣವಾಗುತ್ತದೆ.

ಮಾಸಿನ್ಯೋಂ ನಮ್ಮ ದೇಶಕ್ಕೆ ಅಪರಿಚಿತನಲ್ಲ. ಅವನು ಗಾಂಧೀಜಿಯವರ ಅಭಿಮಾನಿ. 1931ರಲ್ಲಿ ಅವರು ಪ್ಯಾರಿಸಿಗೆ ಬಂದಾಗ ಅವರನ್ನು ಕಂಡವನು. ಸತ್ಯಾಗ್ರಹವನ್ನು ಕುರಿತು ತನ್ನ ದೇಶದವರಿಗೆ ತಿಳಿಯಹೇಳಿದವನು. ದೆಹಲಿಯ ಬಳಿಯ ಮೆಹ್ರೌಲಿಯಲ್ಲಿ ಸೂಫಿ ಸಂತ ಬಖ್ತಿಯಾರ್ ಕಾಕಿಯವರ ದರ್ಗಾ ಇದೆ. ದೇಶವಿಭಜನೆಯ ಗಲಭೆಯಲ್ಲಿ ಅದು ಹಾನಿಗೊಂಡಿತ್ತು. 1948ರ ಜನವರಿ 27ರಂದು, ತಮ್ಮ ಹತ್ಯೆಗೆ ಮೂರು ದಿನ ಮೊದಲು, ಗಾಂಧೀಜಿ ಅಲ್ಲಿಗೆ ಹೋಗಿ ಹಿಂದೂಗಳೂ ಮುಸಲ್ಮಾನರೂ ಸ್ನೇಹದಿಂದ ಬಾಳಬೇಕೆಂದು ಬೇಡಿಕೊಂಡರು. ಬೇರೊಬ್ಬರ ಪುಣ್ಯಸ್ಥಳಕ್ಕೆ ಗೌರವದಿಂದ ಹೋಗುವುದೇ ಒಂದು ಶಾಂತಿಕಾರ್ಯ ಎಂಬುದನ್ನು ಮಾಸಿನ್ಯೋಂ ಆ ಘಟನೆಯಲ್ಲಿ ಕಂಡನು.

ಈಗ ಮತ್ತೆ ಬುಲ್‌ಬುಲ್ ಬೆಟ್ಟಕ್ಕೆ ಬರೋಣ. ಕೊನೆಗೂ ಅದು ನಿಜವಾಗಿ ಮೇರಿಯ ಮನೆಯೇ? ಕಟ್ಟಡದ ಬಹುಭಾಗ ಆರು ಏಳನೆಯ ಶತಮಾನಗಳದ್ದು, ತಳಪಾಯ ಅದಕ್ಕಿಂತ ಹಳೆಯದಿರಬಹುದು ಎಂಬುದು ಅದನ್ನು ಪರಿಶೀಲಿಸಿದವರ ಮತ. ಮೇರಿ ಅಲ್ಲಿದ್ದಳೆಂಬುದಕ್ಕೆ ಐತಿಹಾಸಿಕ ಪ್ರಮಾಣವಿಲ್ಲ. ಕ್ಯಾಥೊಲಿಕ್ ಧರ್ಮಸಭೆ ಯಾತ್ರೆಗೆ ಮನ್ನಣೆ ನೀಡಿದೆಯೇ ಹೊರತು, ಇದೇ ಆಕೆಯ ಮನೆಯೆಂದು ಎಂದೂ ಘೋಷಿಸಿಲ್ಲ. ಇತಿಹಾಸದ ವಿದ್ಯಾರ್ಥಿಯಾದವನು ಸಾಕ್ಷ್ಯವಿರುವಷ್ಟನ್ನೇ ಒಪ್ಪಬೇಕು. ಅದು ಅವನ ಧರ್ಮ. ಆದರೆ ಆ ಮನೆಯಲ್ಲಿ ಪ್ರತಿದಿನ ನಡೆಯುತ್ತಿರುವುದಕ್ಕೆ ಸಾಕ್ಷ್ಯ ಬೇಕಾಗಿಲ್ಲ. ಅದನ್ನು ಯಾರಾದರೂ ಕಣ್ಣಾರೆ ಕಾಣಬಹುದು.

ಅಲ್ಲಿ ಕಾಣುವುದೇನು? ಮೇರಿ ಯಾರೆಂಬ ವಿಷಯದಲ್ಲಿ ಒಮ್ಮತವಿಲ್ಲದ ಜನರು ಆಕೆಯ ಹೊಸ್ತಿಲಲ್ಲಿ ಪರಸ್ಪರ ದಾರಿ ಬಿಡುತ್ತಾರೆ. ಭಿನ್ನಾಭಿಪ್ರಾಯವನ್ನು ಅಳಿಸಿಹಾಕಿದ ಮೇಲೆಯೇ ಸ್ನೇಹ ಸಾಧ್ಯ ಎಂದು ಕಾದಿದ್ದರೆ ಆ ಬಾಗಿಲು ಎಂದೂ ತೆರೆಯುತ್ತಿರಲಿಲ್ಲ. 1923ರಲ್ಲಿ ಧರ್ಮದ ಹೆಸರಿನಿಂದ ಹಳ್ಳಿಗೆ ಹಳ್ಳಿಯೇ ಬರಿದಾದುದನ್ನು ಕಂಡ ಬೆಟ್ಟ ಅದು. ಧರ್ಮವು ಮನುಷ್ಯರನ್ನು ಅಗಲಿಸುವುದಕ್ಕೂ ಕೂಡಿಸುವುದಕ್ಕೂ ಬಳಕೆಯಾಗಬಲ್ಲದು. ಎರಡಕ್ಕೂ ಆ ಬೆಟ್ಟವೇ ಸಾಕ್ಷಿ. ಹೇಗೆ ಬಳಸಬೇಕೆಂಬುದನ್ನು ತೀರ್ಮಾನಿಸುವವರು ಮಾತ್ರ ನಾವು. ಕಿರ್ಕಿಂಜೆಯ ರೈತರು ಆ ಮನೆಗೆ ‘ಬಾಗಿಲು’ ಎಂದು ಹೆಸರಿಟ್ಟಿದ್ದರು. ಅವರು ಹೊರಟುಹೋದರೂ ಅವರು ತೆರೆದಿಟ್ಟ ಬಾಗಿಲು ಮುಚ್ಚಿಲ್ಲ.